ಬಲಗೈಗಿಲ್ಲದ ಪಾಠ

ಫಂಕ್ ಗಿಟಾರ್ ಕಲಿಯಬೇಕು ಎಂದು ಕ್ಲಾಸಿಗೆ ಹೋದವರ ಕೈಗೆ ಮೊದಲು ಬರುವುದು ಒಂದು ಜೆರಾಕ್ಸ್ ಹಾಳೆ. ಅದರ ತುಂಬ ಚೌಕುಳಿ ಚಿತ್ರಗಳು. ಉದ್ದ ಗೆರೆ ತಂತಿಗೆ, ಅಡ್ಡ ಗೆರೆ ಮೆಟ್ಟಿಲಿಗೆ, ಕಪ್ಪು ಚುಕ್ಕಿ ಬೆರಳಿಗೆ. ನೈನ್ತ್, ಥರ್ಟೀನ್ತ್, ಮೈನರ್ ಸೆವೆನ್ತ್ ಎಂದು ಕಾರ್ಡುಗಳ, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಂಪುಗಳ, ಹೆಸರು. ಅದು ಮುಗಿದರೆ ಸ್ಕೇಲಿನ ಹಾಳೆ: ಪೆಂಟಾಟೋನಿಕ್ಕಿನ ಐದು ಪೆಟ್ಟಿಗೆ, ಆಮೇಲೆ ಡೋರಿಯನ್, ಮಿಕ್ಸೋಲಿಡಿಯನ್. ರಿದಮ್ ಬರುವುದು ಕಟ್ಟಕಡೆಗೆ. ಅದೂ ಒಂದು ಸಾಲು ಬಾಣದ ಗುರುತು: ಕೆಳಗೆ, ಮೇಲೆ, ಕೆಳಗೆ, ಮೇಲೆ.

ನಾನು ಬೆಂಗಳೂರಿನಲ್ಲಿ ಸೇರಿದ್ದ ಕ್ಲಾಸಿನಲ್ಲೂ ಇದೇ ಕ್ರಮವಿತ್ತು. ಎಂಟು ತಿಂಗಳಾಗುವ ಹೊತ್ತಿಗೆ ಮೂವತ್ತು ನಲವತ್ತು ಕಾರ್ಡು ಬರುತ್ತಿದ್ದವು. ಆದರೆ ನಾನು ನುಡಿಸಿದ್ದಕ್ಕೆ ಕೇಳುವವರ ಕಾಲು ಒಂದು ಸಲವೂ ಅಲುಗಲಿಲ್ಲ. ಫಂಕ್ ಎಂದರೆ ಕಾಲು ಅಲುಗಿಸುವ ಸಂಗೀತ. ಅದಾಗದಿದ್ದರೆ ಮಿಕ್ಕಿದ್ದೆಲ್ಲ ಬೆರಳಿನ ಕಸರತ್ತು. ತಪ್ಪು ನನ್ನ ಸೋಮಾರಿತನದ್ದು ಎಂದೇ ಬಹಳ ದಿನ ನಂಬಿದ್ದೆ. ಈಗ ಅನ್ನಿಸುತ್ತದೆ, ಅರ್ಧ ತಪ್ಪು ಆ ಹಾಳೆಗಳನ್ನು ಜೋಡಿಸಿದ ಕ್ರಮದಲ್ಲಿದೆ. ಕಡೆಯ ಹಾಳೆಯನ್ನು ಮೊದಲು ಕೊಡಬೇಕಿತ್ತು.

ಈ ಮಾತಿಗೆ ಆಧಾರ ಬೇಕಾದರೆ ಫಂಕ್ ಹುಟ್ಟಿದ ಜಾಗಕ್ಕೇ ಹೋಗಬೇಕು. 1965ರಲ್ಲಿ ಅಮೆರಿಕದ ಗಾಯಕ ಜೇಮ್ಸ್ ಬ್ರೌನ್ 'ಪಾಪಾಸ್ ಗಾಟ್ ಎ ಬ್ರ್ಯಾಂಡ್ ನ್ಯೂ ಬ್ಯಾಗ್' ಹಾಡಿದರು. ಅದರಲ್ಲಿ ಗಿಟಾರ್ ಹಿಡಿದವರು ಜಿಮ್ಮಿ ನೋಲನ್. ಹಾಡು ತಟ್ಟನೆ ನಿಲ್ಲುವ ಕಡೆ ಗಿಟಾರೊಂದೇ ಒಂದು ಕಾರ್ಡನ್ನು ಗರಗರನೆ ಗೀರಿ ಬಿಡುತ್ತದೆ. ರಾಗ ಸಂಚಾರವಿಲ್ಲ, ಕಾರ್ಡಿನ ಮೆರವಣಿಗೆಯಿಲ್ಲ. ನೋಲನ್ ಮಾಡಿದ್ದು ಇಷ್ಟು: ಎಡಗೈ ಬೆರಳನ್ನು ತಂತಿಯ ಮೇಲೆ ಒತ್ತಿ, ತಕ್ಷಣ ಸಡಿಲಿಸಿ, ಬಲಗೈಯನ್ನು ಮಾತ್ರ ನಿಲ್ಲಿಸದೆ ಆಡಿಸಿದರು. ಒತ್ತಿದಾಗ ನಾದ, ಸಡಿಲಿಸಿದಾಗ ಬರೀ ಗೀರು. ಕೋಳಿ ಕಾಲಿನಿಂದ ನೆಲ ಕೆರೆದಂತೆ ಕೇಳುತ್ತದೆ ಎಂದು ಅದಕ್ಕೆ 'ಚಿಕನ್ ಸ್ಕ್ರ್ಯಾಚ್' ಎಂದು ಹೆಸರು ಬಿತ್ತು. ತಿಪ್ಪೆ ಕೆದಕುವ ಕೋಳಿಯನ್ನು ನೋಡಿ ಬೆಳೆದವರಿಗೆ ಈ ಹೆಸರಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಬ್ರೌನ್ ಅವರದೇ 1967ರ 'ಕೋಲ್ಡ್ ಸ್ವೆಟ್' ಹಾಡಿಗೆ ಬಂದರೆ ಕಾರ್ಡು ಬದಲಾಗುವುದೇ ಅಪರೂಪ. 1970ರ 'ಸೆಕ್ಸ್ ಮಷಿನ್' ರೆಕಾರ್ಡಿನ ಎರಡೂ ಬದಿ ಹಬ್ಬಿಕೊಂಡ ಹಾಡು. ಬಹುಪಾಲು ಒಂದೇ ಕಾರ್ಡಿನ ಮೇಲೆ ನಿಂತಿದೆ. ಬೇರೆ ಕಡೆ ಹೋಗೋಣವೇ ಎಂದು ಬ್ರೌನ್ ತಮ್ಮ ವಾದ್ಯದವರನ್ನು ಕೇಳುವುದೇ ಅದರೊಳಗೊಂದು ನಾಟಕ. ಅಲ್ಲಿ ಗಿಟಾರ್ ನುಡಿಸಿದವರು 'ಕ್ಯಾಟ್‌ಫಿಶ್' ಕಾಲಿನ್ಸ್. ಅವರಿಗೆ ಆ ಹಾಡಿಗೆ ಬೇಕಾಗಿದ್ದು ಒಂದು ನೈನ್ತ್ ಕಾರ್ಡು ಮತ್ತು ಅದರ ಮೇಲೆ ಕಿರುಬೆರಳು ಬಂದು ಹೋಗುವ ಒಂದು ಥರ್ಟೀನ್ತ್. ಇಡೀ ತಂಡವನ್ನು, ತುತ್ತೂರಿಗಳನ್ನೂ ಸೇರಿಸಿ, ಚರ್ಮವಾದ್ಯದ ಮೇಳದ ಹಾಗೆ ದುಡಿಸಿದ್ದು ಬ್ರೌನ್ ಅವರ ಹೆಚ್ಚುಗಾರಿಕೆ. ಅಂಥ ಸಂಗೀತಕ್ಕೆ ಮೊದಲ ಪಾಠವಾಗಿ ನಲವತ್ತು ಕಾರ್ಡು ಕಲಿಸುವುದು ಎಂಥ ಪದ್ಧತಿ?

ಇನ್ನು ನಮ್ಮ ಸೀಮೆಯ ಮಾತು. ಪಾವಗಡ ತಾಲ್ಲೂಕು ಕರ್ನಾಟಕದ ಭೂಪಟದಿಂದ ಚಾಚಿಕೊಂಡು ಆಂಧ್ರದೊಳಗೆ ಕೂತಿದೆ. ಅಲ್ಲಿನ ಕ್ಯಾತಗಾನಚೆರ್ಲು ಎಂಬ ಊರ ಹೆಸರಿನ ಬಾಲದಲ್ಲೇ ತೆಲುಗು ಇದೆ. ಮನೆಯಲ್ಲಿ ಒಂದು ಮಾತು, ಇಸ್ಕೂಲಿನಲ್ಲಿ ಒಂದು ಮಾತು; ತಮಟೆಗೆ ಮಾತ್ರ ಗಡಿಯಿಲ್ಲ. ಈ ಕಡೆ ತಮಟೆ, ಆ ಕಡೆ ಡಪ್ಪು. ಪರಿಷೆಯ ದಿನ ಕೊಳ್ಳಿಯ ಕಾವಿಗೆ ಚರ್ಮ ಹಿಡಿದು, ಬೆರಳಲ್ಲಿ ಬಡಿದು ನೋಡಿ, ಇನ್ನೊಂದಿಷ್ಟು ಕಾಯಿಸಿ ಆಮೇಲೆ ಹೆಗಲಿಗೇರಿಸುತ್ತಾರೆ. ಬಲಗೈಯಲ್ಲಿ ದಪ್ಪ ಕಡ್ಡಿ. ಎಡಗೈಯಲ್ಲಿ ಕಿರುಬೆರಳಿನ ಹಾಗಿರುವ ತೆಳ್ಳನೆಯ ಸಣ್ಣ ಕಡ್ಡಿ. ಅದನ್ನು ತೆಲುಗಿನವರು 'ಚಿಟಿಕೆನ ಪುಲ್ಲ' ಎನ್ನುತ್ತಾರೆ, ಕಿರುಬೆರಳ ಕಡ್ಡಿ ಎಂದೇ ಅರ್ಥ. ದಪ್ಪ ಕಡ್ಡಿ ಎಲ್ಲಿ ಬೀಳುತ್ತದೋ ಅಲ್ಲಿ ಕುಣಿತದ ಹೆಜ್ಜೆ ಬೀಳುತ್ತದೆ. ದೂರದಿಂದ ಕೇಳುವವರಿಗೆ ಅದೊಂದೇ ಕೇಳಿಸುವುದು. ಹತ್ತಿರ ನಿಂತರೆ ತಿಳಿಯುತ್ತದೆ, ದಪ್ಪ ಕಡ್ಡಿ ಸುಮ್ಮನಿದ್ದಾಗಲೂ ಸಣ್ಣ ಕಡ್ಡಿ ಚಿಟಚಿಟನೆ ಓಡುತ್ತಲೇ ಇರುತ್ತದೆ. ಅದು ನಿಂತಿತೋ, ದಪ್ಪ ಕಡ್ಡಿಯ ಹೊಡೆತ ಬರೀ ಗುದ್ದು.

ಫಂಕ್ ಗಿಟಾರಿನ ಗುಟ್ಟೂ ಇದೇ. ಸಡಿಲಿಸಿದ ತಂತಿಯ ಗೀರು ಸಣ್ಣ ಕಡ್ಡಿ. ಒತ್ತಿದ ಕಾರ್ಡು ದಪ್ಪ ಕಡ್ಡಿ. ಕಲಿಯುವವರು ದಪ್ಪ ಕಡ್ಡಿಯ ಕಡೆಗೇ ಕಣ್ಣಿಟ್ಟು ಕೂರುತ್ತಾರೆ, ಏಕೆಂದರೆ ಹಾಳೆಯಲ್ಲಿ ಅಚ್ಚಾಗಿರುವುದು ಅದು. ಗೀರನ್ನು ಬರೆಯುವಾಗ ಸ್ವರದ ಜಾಗದಲ್ಲಿ ಒಂದು ಕತ್ತರಿ ಗುರುತು ಹಾಕಿ ಬಿಟ್ಟಿರುತ್ತಾರೆ. ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಹಾಕುವ ಅದೇ ಗುರುತು!

ಲೆಕ್ಕದಲ್ಲೇ ಹೇಳುವುದಾದರೆ, ಫಂಕಿನ ಒಂದು ಆವರ್ತಕ್ಕೆ ನಾಲ್ಕು ಬಡಿತ, ಒಂದೊಂದು ಬಡಿತದಲ್ಲಿ ನಾಲ್ಕು ಭಾಗ, ಒಟ್ಟು ಹದಿನಾರು. ಸಂಗೀತದ ಮೇಷ್ಟ್ರುಗಳ ಮನೆ ಜಗಲಿಯಲ್ಲಿ ಕೂತವರಿಗೆಲ್ಲ ಗೊತ್ತಿರುವ ಚತುರಶ್ರ ನಡೆ: ತಕಧಿಮಿ ತಕಧಿಮಿ ತಕಧಿಮಿ ತಕಧಿಮಿ. 'ತ'ಗೆ ಕೈ ಕೆಳಗೆ, 'ಕ'ಗೆ ಮೇಲೆ, 'ಧಿ'ಗೆ ಕೆಳಗೆ, 'ಮಿ'ಗೆ ಮೇಲೆ. ಹದಿನಾರಕ್ಕೂ ಬಲಗೈ ಆಡಲೇಬೇಕು. ನಾದ ಕೇಳಿಸುವುದು ಮೂರೋ ನಾಲ್ಕೋ ಕಡೆ: ಮೊದಲ ಗುಂಪಿನ 'ತ', ಎರಡನೆಯದರ 'ಕ', ಮೂರನೆಯದರ 'ಮಿ'. ಮಿಕ್ಕ ಕಡೆ ಗೀರು, ಇಲ್ಲವೇ ತಂತಿ ಮುಟ್ಟದ ಬರೀ ಗಾಳಿಯ ಬೀಸು. ನಿಮಿಷಕ್ಕೆ 100 ಬಡಿತದ ಲಯ ಹಿಡಿದರೆ ಬಲಗೈ 400 ಸಲ ಆಡಬೇಕು, ಐದು ನಿಮಿಷದ ಹಾಡಿಗೆ 2,000 ಸಲ. ಮೊಣಕೈಯಿಂದ ಬೀಸಿದರೆ ಎರಡನೇ ನಿಮಿಷಕ್ಕೆ ತೋಳು ಕಲ್ಲಾಗುತ್ತದೆ. ಮಣಿಕಟ್ಟು ಸಡಿಲ ಬಿಟ್ಟು, ಕೈಗೆ ಅಂಟಿದ ನೀರನ್ನು ಕೊಡವುವ ಹಾಗೆ ಆಡಿಸಬೇಕು. ಇದನ್ನು ಒಂದು ಕಾರ್ಡೂ ಹಿಡಿಯದೆ, ಎಡಗೈ ಅಂಗೈಯನ್ನು ತಂತಿಯ ಮೇಲೆ ಮೆತ್ತಗೆ ಇಟ್ಟುಕೊಂಡೇ ವಾರಗಟ್ಟಲೆ ಮಾಡಬಹುದು. ಯಾವ ಕ್ಲಾಸೂ ಮಾಡಿಸುವುದಿಲ್ಲ. ಕಾರಣವೂ ಗೊತ್ತಿರುವುದೇ: ತಿಂಗಳಿಡೀ ಗೊರಗೊರ ಸದ್ದು ಮಾಡಿಸಿದರೆ ಫೀಸು ಕೊಟ್ಟ ತಂದೆ ತಾಯಿ 'ಏನು ಕಲಿತೆ, ಒಂದು ಹಾಡು ನುಡಿಸು' ಎಂದಾಗ ಮಗು ಏನು ನುಡಿಸೀತು?

ಹಾಗಂತ ಕಾರ್ಡು ಸ್ಕೇಲುಗಳನ್ನು ತಳ್ಳಿಹಾಕುವುದು ನನ್ನ ಉದ್ದೇಶವಲ್ಲ. ಅವುಗಳಲ್ಲಿ ನಮ್ಮವರಿಗೆ ಮಜಾ ಕೊಡುವ ಸಂಗತಿಗಳಿವೆ, ಅವನ್ನೂ ಯಾರೂ ಹೇಳಿಕೊಡುವುದಿಲ್ಲ. ಫಂಕಿನ ಮನೆದೇವರಂತಿರುವ ಇ-ನೈನ್ತ್ ಕಾರ್ಡನ್ನು ನೋಡಿ. ದಪ್ಪದ ಕಡೆಯಿಂದ ಎರಡನೇ ತಂತಿಯ ಏಳನೇ ಮೆಟ್ಟಿಲಲ್ಲಿ ನಡುಬೆರಳು, ಮೂರನೇ ತಂತಿಯ ಆರರಲ್ಲಿ ತೋರುಬೆರಳು, ಉಳಿದ ಮೂರು ತಂತಿಗೆ ಅಡ್ಡಲಾಗಿ ಏಳರಲ್ಲೇ ಉಂಗುರದ ಬೆರಳು. ನಡುಬೆರಳಿನದು ಷಡ್ಜ ಎಂದುಕೊಂಡರೆ ತೋರುಬೆರಳಿನದು ಅಂತರ ಗಾಂಧಾರ. ಆಮೇಲೆ ಕೈಶಿಕಿ ನಿಷಾದ, ಚತುಶ್ರುತಿ ರಿಷಭ, ಪಂಚಮ. ಎರಡು ಮೆಟ್ಟಿಲು ಮೇಲೆ ಕಿರುಬೆರಳಿಟ್ಟರೆ ಚತುಶ್ರುತಿ ಧೈವತ ಸಿಕ್ಕಿ ಥರ್ಟೀನ್ತ್ ಆಗುತ್ತದೆ. ಮಧ್ಯಮವೊಂದು ಬಿಟ್ಟರೆ ಕರ್ನಾಟಕ ಸಂಗೀತದ 28ನೇ ಮೇಳ ಹರಿಕಾಂಭೋಜಿಯ ಸಂಸಾರವೆಲ್ಲ ಒಂದೇ ಹಿಡಿಯಲ್ಲಿ. ಕ್ಲಾಸಿನ ಹಾಳೆ ಇದನ್ನು ಮಿಕ್ಸೋಲಿಡಿಯನ್ ಎನ್ನುತ್ತದೆ. ಮೈನರ್ ಸೆವೆನ್ತ್ ಕಾರ್ಡಿನ ಜೊತೆ ಬರುವ ಡೋರಿಯನ್ ಎಂದರೆ 22ನೇ ಮೇಳ ಖರಹರಪ್ರಿಯ. ಮೈನರ್ ಪೆಂಟಾಟೋನಿಕ್ ಎಂದು ಐದು ಪೆಟ್ಟಿಗೆಯಲ್ಲಿ ಕೊಡುವುದು ಶುದ್ಧ ಧನ್ಯಾಸಿಯ ಸ್ವರಗಳನ್ನು.

ಸ್ವರಸ್ಥಾನ ಒಂದೇ ಆದ ಮಾತ್ರಕ್ಕೆ ರಾಗ ಒಂದೇ ಆಗಿಬಿಡುವುದಿಲ್ಲ. ಗಮಕವಿಲ್ಲದ ಖರಹರಪ್ರಿಯ ಖರಹರಪ್ರಿಯವೇ ಅಲ್ಲ ಎಂದು ವಿದ್ವಾಂಸರು ಗದರಿಸಿದರೆ ಒಪ್ಪಿಕೊಳ್ಳುತ್ತೇನೆ. ಆದರೆ ಕಿವಿಗೆ ಗುರುತು ಸಿಗುತ್ತದಲ್ಲ, ಅದು ಸಣ್ಣ ಲಾಭವಲ್ಲ. 1979ರಲ್ಲಿ ಷೀಕ್ ತಂಡದ ನೈಲ್ ರಾಡ್ಜರ್ಸ್ ನುಡಿಸಿದ 'ಗುಡ್ ಟೈಮ್ಸ್' ಹಾಡು ಇ-ಮೈನರ್ ಸೆವೆನ್ತ್‌ಗೂ ಎ ಕಾರ್ಡಿಗೂ ನಡುವೆ ತೂಗುತ್ತದೆ. ಎರಡೂ ಒಂದೇ ಡೋರಿಯನ್ನಿನ ಮಕ್ಕಳು. ಹಾಳೆಯಲ್ಲಿ ಅವು ಎರಡು ಬೇರೆ ಬೇರೆ ಚೌಕುಳಿ. ಸ್ವರ ಹಾಡಿಕೊಂಡು ನೋಡಿದವರಿಗೆ ಒಂದೇ ಮನೆಯ ಎರಡು ಕೋಣೆ.

ಇನ್ನೂ ತಮಾಷೆಯದು ಸೆವೆನ್-ಶಾರ್ಪ್-ನೈನ್ ಕಾರ್ಡು. ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ 1967ರ 'ಪರ್ಪಲ್ ಹೇಝ್'ನಲ್ಲಿ ಬಳಸಿದ್ದರಿಂದ ಅವರ ಹೆಸರೇ ಅದಕ್ಕೆ ಅಂಟಿಕೊಂಡಿದೆ. ಫಂಕಿನವರೂ ಖಾರ ಬೇಕಾದಾಗ ಇದನ್ನೇ ಹಾಕುತ್ತಾರೆ. ಇದರಲ್ಲಿ ಹಿಗ್ಗಿದ ಗಾಂಧಾರವೂ ಇದೆ, ಕುಗ್ಗಿದ ಗಾಂಧಾರವೂ ಇದೆ. ಎರಡನ್ನೂ ಒಟ್ಟಿಗೆ ಒತ್ತುವುದು ಪಾಶ್ಚಾತ್ಯ ಪಾಠದಲ್ಲಿ ಬ್ಲೂಸಿನಿಂದ ಬಂದ ವಿಶೇಷ ಸಲಿಗೆ. ನಮ್ಮ ಮೇಳಕರ್ತ ಕೋಷ್ಟಕ ಇದಕ್ಕೆ ಸಲಿಗೆ ಕೇಳುವುದೇ ಇಲ್ಲ. ಕುಗ್ಗಿದ್ದನ್ನು ಷಟ್‌ಶ್ರುತಿ ರಿಷಭ ಎಂದು ಕರೆದು, ಪಕ್ಕದಲ್ಲಿ ಅಂತರ ಗಾಂಧಾರವನ್ನು ಕೂರಿಸಿ, ವಿವಾದಿ ಎಂದು ಒಂದು ಎಚ್ಚರಿಕೆಯ ಚೀಟಿ ಅಂಟಿಸಿದೆ. ನಿಷಾದವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಈ ಕಾರ್ಡಿಗೆ ಸರಿಹೋಗುವ ಮೇಳಗಳಲ್ಲಿ ಒಂದು 34ನೆಯದು, ವಾಗಧೀಶ್ವರಿ. ಹೆಂಡ್ರಿಕ್ಸ್ ಕಾರ್ಡು ಒತ್ತುತ್ತಾ ಷಡ್ಜ ಹಿಡಿದು ಈ ಮೇಳವನ್ನು ನಿಧಾನಕ್ಕೆ ಹಾಡಿ ನೋಡಿ. ಯಾವ ಸ್ಕೇಲ್ ಪುಸ್ತಕವೂ ಕೊಡದ ರುಚಿ ಸಿಗುತ್ತದೆ.

ನಮ್ಮ ಸಂಗೀತದ ದಾರಿಯೂ ಪಾಶ್ಚಾತ್ಯ ದಾರಿಯೂ ಕೂಡಿದ ಉದಾಹರಣೆ ಹುಡುಕಲು ದೂರ ಹೋಗಬೇಕಾಗಿಲ್ಲ. ಟಿ.ಎ.ಎಸ್. ಮಣಿ ಅವರು 1964ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಕಟ್ಟಿದರು. ಆರ್.ಎ. ರಮಾಮಣಿ ಅವರ ಗಾಯನ, ಬಾಯಲ್ಲೇ ಲಯದ ಸೊಲ್ಲು ಹೇಳುವ ಕೊನ್ನಕೋಲು, ತಾಳವಾದ್ಯಗಳ ಆ ತಂಡ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೊ ಜೊತೆ 'ಜ್ಯೋತಿ' ಎಂಬ ರೆಕಾರ್ಡು ಮಾಡಿತು. ಅದು 1983ರಲ್ಲಿ ಇಸಿಎಂ ಸಂಸ್ಥೆಯಿಂದ ಹೊರಬಂತು. ಫಂಕ್ ಎಂದು ಅದನ್ನು ಕರೆಯಲಾಗದು. ಆದರೆ ತಕಧಿಮಿ ಎಂಬ ಬಾಯಿಪಾಠ ಸ್ಯಾಕ್ಸೊಫೋನಿಗೆ ಹೊಂದುವುದಾದರೆ ಗಿಟಾರಿಗೂ ಹೊಂದುತ್ತದೆ ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಬೆಂಗಳೂರಿನ ಗಿಟಾರ್ ಪಾಠದವರು ಈ ಆಸ್ತಿಯನ್ನು ಪಕ್ಕದ ಬೀದಿಯಲ್ಲೇ ಇಟ್ಟುಕೊಂಡು, ಲಂಡನ್ನಿನ ಪರೀಕ್ಷಾ ಮಂಡಳಿಗಳ ಗ್ರೇಡ್ ಪುಸ್ತಕ ಬಿಡಿಸಿ ಕೂರುತ್ತಾರೆ. ಆ ಪುಸ್ತಕಗಳು ಕೆಟ್ಟವು ಎಂದಲ್ಲ. ಒಂದರಿಂದ ಎಂಟರವರೆಗೆ ಗ್ರೇಡು ದಾಟಿದವರಿಗೆ ಶಿಸ್ತು ಬರುತ್ತದೆ. ಆದರೆ ಪರೀಕ್ಷೆಯಲ್ಲಿ ಅಂಕ ಕೊಡಲು ಅನುಕೂಲವಾಗುವುದು ಎಡಗೈಯ ಕೆಲಸ, ಆದ್ದರಿಂದ ಪಾಠವೂ ಎಡಗೈ ಕಡೆಗೇ ವಾಲುತ್ತದೆ.

ಕೊನ್ನಕೋಲಿನ ಹಾದಿ ಹಿಡಿದವರೂ ಒಂದು ಗುಂಡಿಗೆ ಬೀಳುತ್ತಾರೆ, ಅದನ್ನೂ ಹೇಳಬೇಕು. ಸಂಗೀತ ಕಲಿತ ಹುಡುಗರು ಹದಿನಾರು ಭಾಗವನ್ನು ಗೆರೆ ಕೊಯ್ದಂತೆ ಸರಿಯಾಗಿ ಹಾಕುತ್ತಾರೆ, ಎಡುಪು, ಅಂದರೆ ಹಾಡು ಶುರುವಾಗುವ ಜಾಗ, ಎಲ್ಲಿ ಬೇಕಾದರೂ ಹಿಡಿಯುತ್ತಾರೆ, ಆದರೂ ನುಡಿಸಿದ್ದು ಟೈಪ್‌ರೈಟರಿನ ಹಾಗೆ ಕೇಳುತ್ತದೆ. ಫಂಕಿನಲ್ಲಿ ಸಮ ಎಂದರೆ ಇಡೀ ತಂಡ ಬಂದು ಬೀಳುವ ಅಂಗಳ. ಬ್ರೌನ್ ತಂಡದಲ್ಲಿ ಮೊದಲ ಬಡಿತಕ್ಕೆ 'ದಿ ಒನ್' ಎಂದೇ ಹೆಸರಿಟ್ಟು ಪೂಜೆ ಮಾಡುತ್ತಿದ್ದರು. ಅಲ್ಲಿಗೆ ಬಂದು ಬೀಳುವ ಮುನ್ನ ಒಂದು ಕೂದಲೆಳೆ ತಡ ಮಾಡುವುದು, ಇನ್ನೊಂದು ಕಡೆ ಒಂದು ಕೂದಲೆಳೆ ಮುಂದಾಗುವುದು, ಇವನ್ನು ಲೆಕ್ಕ ಹೇಳಿಕೊಡಲಾರದು. ಡ್ರಮ್ಮು, ಬೇಸು ಜೊತೆಗೆ ಕೂತು ನುಡಿಸಿದರೆ ಮಾತ್ರ ಬರುತ್ತದೆ. ಮೊಬೈಲಿನ ಮೆಟ್ರೊನೋಮ್ ಹಾಕಿಕೊಂಡು ಒಬ್ಬರೇ ರೂಮಿನಲ್ಲಿ ಕೂತರೆ ಬಾರದು. ತಮಟೆಯವರು ಒಬ್ಬೊಬ್ಬರೇ ಮನೆಯಲ್ಲಿ ಸಾಧನೆ ಮಾಡಿ ಕಲಿತವರಲ್ಲ. ಮೇಳದ ಕೊನೆಯಲ್ಲಿ ಚಿಕ್ಕ ಹುಡುಗನಾಗಿ ನಿಂತು, ದೊಡ್ಡವರ ಕೈ ನೋಡಿ, ಬೈಸಿಕೊಂಡು ಕಲಿತವರು.

ಕನ್ನಡ ಸಿನಿಮಾದಲ್ಲಿ ಈ ಗೀರು ಎಷ್ಟು ಕೇಳಿದೆ? ಕಡಿಮೆ ಎಂದೇ ಹೇಳಬೇಕು. ಇಳಯರಾಜ ಸ್ವತಂತ್ರ ಸಂಗೀತ ನಿರ್ದೇಶಕರಾಗುವ ಮುಂಚೆ ಕನ್ನಡ ಚಿತ್ರಗಳ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿದ್ದರು, ಗಿಟಾರ್ ನುಡಿಸುತ್ತಿದ್ದರು. ಅಂದರೆ ನಮ್ಮ ಹಾಡುಗಳಿಗೆ ಒಳ್ಳೆಯ ಗಿಟಾರ್ ಕೈ ಇಲ್ಲದೆ ಇರಲಿಲ್ಲ. ಶಂಕರ್ ನಾಗ್ ನಿರ್ದೇಶಿಸಿದ 1981ರ 'ಗೀತಾ' ಚಿತ್ರಕ್ಕೆ ಇಳಯರಾಜ ಕೊಟ್ಟ ಸಂಗೀತದಲ್ಲಿ ಡಿಸ್ಕೋ ಕಾಲದ ಗಾಳಿ ಚೆನ್ನಾಗಿಯೇ ಬೀಸಿದೆ. ಅಲ್ಲಿಂದ ಮುಂದೆ ಕೀಬೋರ್ಡು, ರಿದಮ್ ಪ್ಯಾಡು ಬಂದವು. ಗಿಟಾರಿನ ಗೀರಿಗಿದ್ದ ಜಾಗವನ್ನು ಒಂದು ಗುಂಡಿ ಒತ್ತಿ ತುಂಬಿಸಬಹುದಾಯಿತು. ನಮ್ಮೂರುಗಳ ಜಾತ್ರೆಯ ರಸಮಂಜರಿ ಕಾರ್ಯಕ್ರಮಕ್ಕೆ ಹೋಗಿ ನೋಡಿ. ವೇದಿಕೆಯ ಮೇಲೆ ಗಿಟಾರ್ ಇರುತ್ತದೆ, ಹಿಡಿದವರು ಕುಣಿಯುವುದೂ ಉಂಟು, ಕೆಲಸವೆಲ್ಲ ಕೀಬೋರ್ಡಿನವರದ್ದು. ಬೆಂಗಳೂರಿನಲ್ಲಿ 1996ರಿಂದ ನಡೆದು ಬಂದಿರುವ 'ಥರ್ಮಲ್ ಆ್ಯಂಡ್ ಎ ಕ್ವಾರ್ಟರ್' ತಂಡದ ಬ್ರೂಸ್ ಲೀ ಮಣಿ ಅವರ ಗಿಟಾರಿನಲ್ಲಿ ಈ ವಿದ್ಯೆ ಜೀವಂತವಾಗಿದೆ. ಅವರ ಹಾಡು ಇಂಗ್ಲಿಷು ಎಂಬ ಕಾರಣಕ್ಕೆ ನಾವು ಕನ್ನಡದಲ್ಲಿ ಅವರ ಕೈಚಳಕದ ಬಗ್ಗೆ ಬರೆಯುವುದಿಲ್ಲ. ಅದು ನಮ್ಮ ಕಡೆಯ ಆಲಸ್ಯ.

ಇಷ್ಟು ಹೇಳಿದ ಮೇಲೆ ತಮಟೆಯ ಹೋಲಿಕೆಯನ್ನು ಹಗುರವಾಗಿ ಬಿಟ್ಟು ಹೋಗುವಂತಿಲ್ಲ. ಫಂಕ್ ಅಮೆರಿಕದ ಕಪ್ಪು ಜನರ ಸಂಗೀತ. 1968ರಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ವರ್ಷವೇ, ತಮ್ಮ ಕಪ್ಪುತನವನ್ನು ಹೆಮ್ಮೆಯಿಂದ ಸಾರುವ ಹಾಡನ್ನು ಬ್ರೌನ್ ಹಾಡಿದರು. ತಮಟೆ ನಮ್ಮಲ್ಲಿ ಯಾರ ಕೈಯಲ್ಲಿದೆ, ಏಕೆ ಅವರ ಕೈಯಲ್ಲೇ ಉಳಿದಿದೆ ಎಂಬುದನ್ನು ಪಾವಗಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ದೇವರ ಮುಂದೆ ತಮಟೆ ಬೇಕು, ಹೆಣದ ಮುಂದೆ ಬೇಕು, ಗುಡಿಯೊಳಗೆ ಬಡಿಯುವವರು ಬೇಡ. ಈ ಅವಮಾನದ ಗುರುತು ಬೇಡವೆಂದು ತಮಟೆಯನ್ನೇ ಕೆಳಗಿಟ್ಟ ದಲಿತ ಯುವಕರಿದ್ದಾರೆ. ಅದನ್ನೇ ಹೋರಾಟದ ಮೆರವಣಿಗೆಗೆ ಎತ್ತಿಕೊಂಡವರೂ ಇದ್ದಾರೆ. 2023ರಲ್ಲಿ ಶಿಡ್ಲಘಟ್ಟದ ಕಡೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ ತಮಟೆ ವಾದನಕ್ಕಾಗಿ ಪದ್ಮಶ್ರೀ ಬಂತು. ಆದರೂ ಯಾವ ಸಂಗೀತ ಶಾಲೆ ತಮಟೆಯವರನ್ನು ಕರೆದು, ಕುರ್ಚಿ ಹಾಕಿ, 'ಲಯದ ಪಾಠ ಇವರದ್ದು' ಎಂದಿದೆ? ಅಮೆರಿಕದ ಕಪ್ಪು ಜನರ ಗೀರಿಗೆ ಗಂಟೆಗಿಷ್ಟು ಎಂದು ಹಣ ಕೊಡುವ ನಮಗೆ ಮನೆಯ ಹತ್ತಿರದ ಸಣ್ಣ ಕಡ್ಡಿ ವಿದ್ಯೆಯಾಗಿ ಕಾಣುವುದಿಲ್ಲ. ಎರಡೂ ಒಂದೇ ಎನ್ನುವ ಸುಲಭದ ಮಾತನ್ನು ನಾನು ಆಡುತ್ತಿಲ್ಲ. ತಮಟೆಗೆ ಕಾರ್ಡಿಲ್ಲ, ಫಂಕಿಗೆ ಕುಲದೇವತೆಯಿಲ್ಲ. ಆದರೆ ಸಣ್ಣ ಕಡ್ಡಿಯ ಓಟ ಕಿವಿಯಲ್ಲಿರುವ ಪಾವಗಡದ ಹುಡುಗನೋ ಹುಡುಗಿಯೋ ಗಿಟಾರ್ ಹಿಡಿದರೆ, ಹಾಳೆ ನೋಡಿ ಕಲಿತವರಿಗಿಂತ ಮೂರು ತಿಂಗಳು ಮುಂದಿರುತ್ತಾರೆ ಎಂಬುದು ನನ್ನ ನಂಬಿಕೆ.

ಅಂದ ಹಾಗೆ, ಕ್ಯಾತಗಾನಚೆರ್ಲು ಈಗ ದೊಡ್ಡ ಹೆಸರು. ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು ಜೊತೆಗೆ ಸೇರಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕು ಆಗಿದೆ. ಶೇಂಗಾ ಬೆಳೆಯುತ್ತಿದ್ದ ನೆಲವನ್ನು ರೈತರು ಮಾರಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆಗೆ ಕೊಟ್ಟರು. ನಮ್ಮ ಬಿಸಿಲು ತಂತಿ ಹತ್ತಿ ಹೊರಗೆ ಹೋಗುತ್ತದೆ, ಎಲ್ಲೋ ಒಂದು ಕ್ಲಾಸಿನ ಆಂಪ್ಲಿಫೈಯರಿಗೂ ಸೇರುತ್ತಿರಬಹುದು. ಗಿಟಾರ್ ಪಾಠ ಮಾತ್ರ ಆ ತಂತಿ ಹಿಡಿದು ವಾಪಸು ಬಂದಿಲ್ಲ. ಬಂದರೆ ಮೊಬೈಲಿನ ಪರದೆಯಲ್ಲೇ ಬರಬೇಕು. ಅಲ್ಲಿಯೂ ತೋರಿಸುವವರ ಕ್ಯಾಮೆರಾ ಎಡಗೈಯ ಮೇಲೇ ನಿಂತಿರುತ್ತದೆ.

ಆದ್ದರಿಂದ ಹೊಸದಾಗಿ ಕಲಿಯುವವರಲ್ಲಿ ಒಂದು ಕೋರಿಕೆ. ಗಿಟಾರ್ ದುಬಾರಿಯದ್ದೇ ಆಗಬೇಕಿಲ್ಲ. ಮೊದಲ ತಿಂಗಳ ಫೀಸು ಕೊಡುವ ಮುಂಚೆ ಮೇಷ್ಟ್ರನ್ನು ಒಂದು ಮಾತು ಕೇಳಿ: ಕಾರ್ಡು ಹಿಡಿಸದೆ ಎಷ್ಟು ದಿನ ಬರೀ ಬಲಗೈ ಆಡಿಸುತ್ತೀರಿ? 'ಒಂದು ದಿನವೂ ಇಲ್ಲ' ಎಂದರೆ ಕೈ ಮುಗಿದು ಬೇರೆ ಕ್ಲಾಸು ಹುಡುಕಿಕೊಳ್ಳಿ. ಮುಂದಿನ ಪರಿಷೆಗೆ ಊರಿಗೆ ಹೋದಾಗ ತಮಟೆಯವರ ಎಡಗೈ ಪಕ್ಕ ಹೋಗಿ ನಿಂತುಕೊಳ್ಳಿ.